ಶಾಲೆ ಎಮರ್ಜೆನ್ಸಿ ಪ್ಲ್ಯಾನ್‌ಗೆ ಪೊಲೀಸ್ರನ್ನ ಕರೆಸೋದು ಹೇಗೆ

ನಾನು ಮಂಡ್ಯ ಕಡೆ ಒಂದು ಸರ್ಕಾರಿ ಶಾಲೆ ಎಸ್‌ಡಿಎಂಸಿಲಿ (ಶಾಲೆ ಅಭಿವೃದ್ಧಿ, ಮೇಲುಸ್ತುವಾರಿ ಸಮಿತಿ) ಇದೀನಿ. ಹೋದ ವರ್ಷ ಮಾಕ್ ಡ್ರಿಲ್ ಅಂತ ಬೆಲ್ ಹೊಡೆಸಿದ್ವಿ, ಮಕ್ಕಳೆಲ್ಲಾ ಸಾಲಾಗಿ ಹಿಂದಿನ ಗೇಟ್ ಹತ್ರ ಬಂದು ನಿಂತ್ರು, ನೋಡಿದ್ರೆ ಗೇಟಿಗೆ ಬೀಗ. ಕೀ ಬಿಸಿಯೂಟದ ಅಕ್ಕನ ಸೆರಗಿನ ಗಂಟಲ್ಲಿ, ಅಕ್ಕ ಸೊಪ್ಪು ತರಕ್ಕೆ ಹೋಗಿತ್ತು. ಎಮರ್ಜೆನ್ಸಿ ಪ್ಲ್ಯಾನ್ ಫೈಲ್ ಮಾತ್ರ ಆಫೀಸ್ ಬೀರುಲಿ ನೀಟಾಗಿ ಕೂತಿತ್ತು, ಲೇಬಲ್ ಎಲ್ಲಾ ಅಂಟಿಸಿ.

ಮೊದಲು ಒಂದು ತಿಳ್ಕೊಳಿ, ಸ್ಟೇಷನ್‌ಗೆ ಹೋಗಿ ಕೇಳೋದು ಉಪಕಾರ ಬೇಡಿದ ಹಂಗಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು, ಎಸ್‌ಪಿ ಅದರಲ್ಲಿ ಸದಸ್ಯರು. 2016ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಶಾಲಾ ಸುರಕ್ಷತೆಗೇ ಅಂತ ಮಾರ್ಗಸೂಚಿ ತಂದು, ಪ್ರತಿ ಶಾಲೆಗೂ ಪ್ಲ್ಯಾನ್ ಇರ್ಬೇಕು, ಡ್ರಿಲ್ ನಡೀಬೇಕು ಅಂತು. ಅದಕ್ಕೂ ಮುಂಚೆ, 2004ರಲ್ಲಿ ಕುಂಭಕೋಣಂ ಶಾಲೆಲಿ ಅಡುಗೆಮನೆ ಬೆಂಕಿ ಹುಲ್ಲಿನ ಚಾವಣಿಗೆ ಹತ್ತಿ 94 ಮಕ್ಕಳು ಹೋದ್ರಲ್ಲ, ಆಮೇಲೆ 2009ರಲ್ಲಿ ಸುಪ್ರೀಂ ಕೋರ್ಟೇ ಶಾಲೆಗಳ ಅಗ್ನಿ ಸುರಕ್ಷತೆ ಬಗ್ಗೆ ಆದೇಶ ಕೊಡ್ತು.

ಹೆಡ್ ಮಾಸ್ಟರ್ ಲೆಟರ್‌ಹೆಡ್‌ನಲ್ಲಿ ಎಸ್‌ಐ ಅವ್ರಿಗೆ ಒಂದು ಪತ್ರ ಬರೆಸಿ, ಬಿಇಒಗೆ ಒಂದು ಕಾಪಿ. ಉದ್ದ ಬೇಡ, ನಮ್ಮ ಬೀಟ್ ಪೊಲೀಸ್ ಒಂದು ದಿನ ಬಂದು ಶಾಲೆ ಸುತ್ತಾಡಿ ನೋಡ್ಬೇಕು, ಇಷ್ಟೇ. ನಿಮ್ಮ ಕಾಪಿಗೆ ಸೀಲ್ ಹಾಕಿಸ್ಕೊಂಡೇ ಬನ್ನಿ. ದಸರಾ ಟೈಮಲ್ಲಿ ಹೋಗ್ಬೇಡಿ, ಅರ್ಧ ಸ್ಟೇಷನ್ ಮೈಸೂರು ಬಂದೋಬಸ್ತಿಗೆ ಹೋಗಿರುತ್ತೆ, ಪತ್ರ ಯಾವ್ದೋ ಮೂಲೆ ಸೇರುತ್ತೆ.

ಅವ್ರು ಬಂದ ದಿನ ಟೀ ಕೊಟ್ಟು ಆಫೀಸಲ್ಲಿ ಕೂರಿಸಿ ಕಳಿಸ್ಬೇಡಿ, ನಡೆಸಿ. ನಮ್ಮಲ್ಲಿ ಡ್ರಾಯಿಂಗ್ ಶೀಟಲ್ಲಿ ಏಳನೇ ಕ್ಲಾಸ್ ಮಕ್ಕಳ ಕೈಲೇ ನಕ್ಷೆ ಬರೆಸಿದ್ವಿ, ಮೇನ್ ಸ್ವಿಚ್ ಎಲ್ಲಿ, ಸಿಲಿಂಡರ್ ಎಲ್ಲಿ, ಸಂಪ್ ಎಲ್ಲಿ, ಎರಡು ಗೇಟ್ ಎಲ್ಲಿ. ಬೀಟ್ ಪೊಲೀಸ್ ಅದನ್ನ ಫೋಟೋ ತೆಗೆದ್ಕೊಂಡು ರಸ್ತೆಗೆ ಬಂದು ನಿಂತ್ರು, ನಿಂತವ್ರೇ ಕೇಳಿದ್ರು, "ಕಬ್ಬಿನ ಸೀಸನ್‌ನಲ್ಲಿ ಇಲ್ಲಿ ಟ್ರಾಕ್ಟರ್ ನಿಲ್ಲಿಸ್ತಾರಾ ಸಾರ್?" ನಿಲ್ಲಿಸ್ತಾರೆ, ದಿನಾ ನಾಲ್ಕೈದು ಇರುತ್ತೆ, ಫೈರ್ ಇಂಜಿನ್ ಇರ್ಲಿ ಓಮ್ನಿನೂ ನುಗ್ಗಲ್ಲ. ನಮ್ಮ ಫೈಲಲ್ಲಿ ಇದರ ಬಗ್ಗೆ ಒಂದು ಸಾಲೂ ಇರ್ಲಿಲ್ಲ ಕಣ್ರೀ.

ಆಮೇಲೆ ಹೆಸರು. 112ಗೆ ಫೋನ್ ಮಾಡೋರು ಯಾರು, ಪೊಲೀಸ್ರು ಬಂದಾಗ ಗೇಟಲ್ಲಿ ನಿಂತು ಮಾತಾಡೋರು ಯಾರು, ಹೆಡ್ ಮಾಸ್ಟರ್ ಮೀಟಿಂಗಿಗೆ ಹೋಗಿದ್ರೆ (ಯಾವಾಗ್ಲೂ ಹೋಗಿರ್ತಾರೆ) ಅವ್ರ ಜಾಗಕ್ಕೆ ಯಾರು. ಅಮೆರಿಕದ ಟೆಕ್ಸಾಸ್ ರಾಜ್ಯದ ಯುವಾಲ್ಡಿ ಅನ್ನೋ ಊರಲ್ಲಿ 2022ರ ಮೇ 24ಕ್ಕೆ ಶಾಲೆಗೆ ಬಂದೂಕು ಹಿಡ್ಕೊಂಡು ಒಬ್ಬ ನುಗ್ಗಿ 19 ಮಕ್ಕಳು, ಇಬ್ರು ಟೀಚರ್‌ನ ಕೊಂದ, ಅಲ್ಲಿಗೆ 370ಕ್ಕೂ ಹೆಚ್ಚು ಪೊಲೀಸ್ರು ಬಂದಿದ್ರು, ಆದ್ರೂ ಒಳಗೆ ಹೋಗಿ ಅವನನ್ನ ಮುಗಿಸಕ್ಕೆ 77 ನಿಮಿಷ ಹಿಡೀತು, ಆರ್ಡರ್ ಕೊಡೋರು ಯಾರು ಅನ್ನೋದೇ ಗೊಂದಲ. ಮುಂದಿನ ವರ್ಷ ಟೆಕ್ಸಾಸ್‌ನಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಶಸ್ತ್ರ ಇರೋ ಗಾರ್ಡ್ ಬೇಕು ಅಂತ ಕಾನೂನು ಮಾಡಿದ್ರು. ನಮಗೆ ಗಾರ್ಡ್ ಬೇಡ, ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಮೂರು ಹೆಸರು ಇದ್ರೆ ಸಾಕು.

ನಮ್ಮ ಅಪಾಯಗಳೇ ಬೇರೆ. ಹೆಜ್ಜೇನು ಎದ್ರೆ ಮಕ್ಕಳನ್ನ ಮೈದಾನಕ್ಕೆ ಓಡಿಸ್ಬೇಡಿ, ಒಳಗೆ ಹಾಕಿ ಕಿಟಕಿ ಮುಚ್ಚಿ. ಬಾಂಬ್ ಮೇಲ್ ಬಂದ್ರೆ (2023ರ ಡಿಸೆಂಬರ್ 1ಕ್ಕೆ ಬೆಂಗಳೂರಲ್ಲಿ 40ಕ್ಕೂ ಹೆಚ್ಚು ಶಾಲೆಗೆ ಬಂತಲ್ಲ, ಎಲ್ಲಾ ಹುಸಿ) ಡಿಲೀಟ್ ಮಾಡ್ಬೇಡಿ, ಪೇರೆಂಟ್ಸ್ ಗ್ರೂಪಿಗೆ ಹಾಕ್ಬೇಡಿ, 112ಗೆ ಹೇಳಿ ಮಕ್ಕಳನ್ನ ಆಚೆ ಕಳಿಸಿ. ಯಾವುದನ್ನೂ ಮುಟ್ಟಬಾರ್ದು, ಆದ್ರೆ ಇದು ನಮ್ಮ ಶಾಲೆ ಬ್ಯಾಗಲ್ಲ ಅಂತ ಗುರುತಿಸಿ ಪೊಲೀಸ್ರಿಗೆ ಹೇಳೋದು ಟೀಚರ್ ಕೈಲೇ ಆಗೋದು.

ಹಾಜರಿ ಪುಸ್ತಕ ಟೀಚರ್ ಕೈಲೇ ಆಚೆ ಬರ್ಬೇಕು, ಇದನ್ನ ಮಾತ್ರ ಮರೀಬೇಡಿ. 2018ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಕನಗನಮರಡಿ ಹತ್ರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದ್ರು, ಅದ್ರಲ್ಲಿ ಎಷ್ಟೋ ಜನ ಶನಿವಾರ ಮಧ್ಯಾಹ್ನ ಸ್ಕೂಲ್ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳು. ಅದಕ್ಕೇ ಯಾವ ಮಗು ಯಾವ ಬಸ್ಸಲ್ಲಿ, ಯಾವ ಆಟೋಲಿ ಹೋಗುತ್ತೆ ಅಂತ ಒಂದು ಪಟ್ಟಿ ಮಾಡಿ, ಒಂದು ಕಾಪಿ ಸ್ಟೇಷನ್‌ಗೂ ಕೊಟ್ಟಿದೀವಿ. ಡ್ರಿಲ್ ದಿನ ಅಪ್ಪ ಅಮ್ಮಂದಿರ ಬೈಕೆಲ್ಲಾ ರಸ್ತೆಯ ಆ ಕಡೆ, ಮಕ್ಕಳನ್ನ ಒಂದೇ ಜಾಗದಲ್ಲಿ ಸೈನ್ ಹಾಕಿಸ್ಕೊಂಡೇ ಕಳಿಸೋದು.

ಹಿಂದಿನ ಗೇಟ್ ಕೀ ಈಗ ಮೂರಿದೆ. ಒಂದು ಅಕ್ಕನ ಸೆರಗಲ್ಲಿ, ಒಂದು ಸ್ಟಾಫ್ ರೂಮ್ ಮೊಳೆಲಿ, ಇನ್ನೊಂದು ಎದುರಿಗಿರೋ ಟೀ ಅಂಗಡಿಯವ್ರ ಗಲ್ಲಾಪೆಟ್ಟಿಗೆಲಿ, ಅವ್ರು ಬೆಳಗ್ಗೆ ಆರಕ್ಕೆ ಬಂದ್ರೆ ರಾತ್ರಿ ಎಂಟರವರೆಗೂ ಜಾಗ ಬಿಟ್ಟು ಅಲ್ಲಾಡಲ್ಲ.