ಆಯಿಲ್ ಕೂಲರ್ ಹಾಕಿದರೆ ಸಾಲದು, ಗಾಳಿಗೂ ದಾರಿ ಬೇಕು

ಮೊದಲ ತಲೆಮಾರಿನ ಟೊಯೊಟಾ ಜಿಟಿ86 ಕಾರಿನ ಎಫ್‌ಎ20 ಎಂಜಿನ್‌ಗೆ ಕಂಪನಿಯಿಂದ ಆಯಿಲ್ ಕೂಲರ್ (ಎಂಜಿನ್ ಆಯಿಲನ್ನು ಗಾಳಿಯಿಂದ ತಣ್ಣಗಾಗಿಸುವ ಪುಟ್ಟ ರೇಡಿಯೇಟರ್) ಬರುತ್ತಿರಲಿಲ್ಲ. ರಸ್ತೆಯಲ್ಲಿ ಈ ಕೊರತೆ ಗೊತ್ತೇ ಆಗುವುದಿಲ್ಲ. ರೇಸ್ ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ 7,000 ಆರ್‌ಪಿಎಂ ಆಸುಪಾಸಿನಲ್ಲೇ ಓಡಿಸಿದಾಗ ಬಂಡವಾಳ ಬಯಲಾಗುತ್ತದೆ. ನನ್ನ ಕಾರಿನಲ್ಲಿ ಆರನೇ ಸುತ್ತಿಗೆ ಆಯಿಲ್ 138 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು. ಎಂಜಿನ್ ತಂಪಾಗಿಸುವ ನೀರಿನ ತಾಪಮಾನ ತೋರಿಸುವ ಮುಳ್ಳು ಮಾತ್ರ ಏನೂ ಆಗಿಲ್ಲವೆಂಬಂತೆ ನಡುವಿನಲ್ಲೇ ಇರುತ್ತಿತ್ತು. ಅದನ್ನು ನೋಡಿ ಆಯಿಲ್ ಸ್ಥಿತಿ ಊಹಿಸಬೇಡಿ.

ಆದ್ದರಿಂದ ಕೂಲರ್‌ಗಿಂತ ಮೊದಲು ಮೀಟರ್ ಹಾಕಿದೆ: ತಾಪಮಾನಕ್ಕೊಂದು ಸೆನ್ಸರ್, ಪ್ರೆಶರ್‌ಗೊಂದು. ನಾನು ಇಟ್ಟುಕೊಂಡ ಗುರಿ 100ರಿಂದ 120 ಡಿಗ್ರಿ. 80 ದಾಟುವ ಮುನ್ನ ಪೂರ್ತಿ ಆರ್‌ಪಿಎಂ ಎಳೆಯುವುದಿಲ್ಲ. 130 ದಾಟಿದರೆ ಆ ಸುತ್ತಿನಲ್ಲೇ ವೇಗ ಇಳಿಸುತ್ತೇನೆ. ಪ್ರೆಶರ್‌ಗೆ ಹಳೆಯ ಲೆಕ್ಕವೇ ಸಾಕು: ಪ್ರತಿ 1,000 ಆರ್‌ಪಿಎಂಗೆ ಸುಮಾರು 0.7 ಬಾರ್. ಆಯಿಲ್ ಕಾದು ತೆಳ್ಳಗಾದಂತೆ ಈ ಅಂಕಿ ಹೇಗೆ ಇಳಿಯುತ್ತದೆಂದು ಒಮ್ಮೆ ನೋಡಿದರೆ ಕೂಲರ್ ಬೇಕೋ ಬೇಡವೋ ಎಂಬ ಚರ್ಚೆ ಉಳಿಯುವುದಿಲ್ಲ. ತಿರುವಿನಲ್ಲಿ ಮಾತ್ರ ಪ್ರೆಶರ್ ದಿಢೀರ್ ಬಿದ್ದು ಮತ್ತೆ ಏರುತ್ತಿದ್ದರೆ ಅದು ಬೇರೆಯೇ ರೋಗ. ಸಂಪಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಒಂದು ಬದಿಗೆ ಸರಿದು, ಅದನ್ನು ಹೀರುವ ಪಿಕಪ್ ಪೈಪು ಗಾಳಿ ಎಳೆಯುತ್ತಿದೆ ಎಂದರ್ಥ. ಅದಕ್ಕೆ ಮದ್ದು ಸಂಪಿನೊಳಗಿನ ತಡೆಗೋಡೆ, ಕೂಲರ್ ಅಲ್ಲ.

ತಂದ ಸಾಮಾನು: 235 ಮಿ.ಮೀ. ಅಗಲದ, 25 ಸಾಲಿನ ತೆಳು ತಟ್ಟೆಗಳನ್ನು ಪೇರಿಸಿದ (ಸ್ಟ್ಯಾಕ್ಡ್ ಪ್ಲೇಟ್) ಕೂಲರ್, ಎಂ20×1.5 ಥ್ರೆಡ್ಡಿನ, ಥರ್ಮೋಸ್ಟಾಟ್ (ಆಯಿಲ್ ಬಿಸಿಯಾದ ಮೇಲೆ ತೆರೆಯುವ ಕವಾಟ) ಇರುವ ಸ್ಯಾಂಡ್‌ವಿಚ್ ಪ್ಲೇಟ್ (ಎಂಜಿನ್ ಮತ್ತು ಫಿಲ್ಟರ್ ನಡುವೆ ಕೂತು ಆಯಿಲನ್ನು ಕೂಲರಿನತ್ತ ತಿರುಗಿಸುವ ತಟ್ಟೆ). ಎಎನ್-10 ಅಳತೆಯ, ಸ್ಟೀಲ್ ಹೆಣೆದ ಹೋಸ್ 2.6 ಮೀಟರ್, ಅದರ ಫಿಟ್ಟಿಂಗ್‌ಗಳು. ಥರ್ಮೋಸ್ಟಾಟ್ ಇಲ್ಲದ ಪ್ಲೇಟು ಅಗ್ಗ, ಆದರೆ ತಗೊಳ್ಳಬೇಡಿ. ತಣ್ಣಗಿನ ದಿನ ಆಯಿಲ್ ಕಾಯುವುದೇ ಇಲ್ಲ, ಅದರೊಳಗೆ ಸೇರಿದ ನೀರು, ಪೆಟ್ರೋಲು ಆವಿಯಾಗದೆ ಹಾಗೇ ಉಳಿಯುತ್ತವೆ. ನನ್ನದು 80 ಡಿಗ್ರಿ ಹತ್ತಿರ ತೆರೆಯುತ್ತದೆ. ಮುಚ್ಚಿದ್ದಾಗಲೂ ಸ್ವಲ್ಪ ಆಯಿಲ್ ಕೂಲರಿನತ್ತ ಹರಿಯಬಿಡುತ್ತದೆ. ಇಲ್ಲದಿದ್ದರೆ ತೆರೆದ ಕ್ಷಣ ತಣ್ಣನೆಯ ಗಟ್ಟಿ ಆಯಿಲ್ ಒಮ್ಮೆಲೇ ಎಂಜಿನ್‌ಗೆ ನುಗ್ಗುತ್ತದೆ.

ಈ ಎಂಜಿನ್‌ನಲ್ಲಿ ಫಿಲ್ಟರ್ ಮೇಲ್ಗಡೆ, ಬಾನೆಟ್ ಎತ್ತಿದರೆ ಕೈಗೆ ಸಿಗುವಂತಿದೆ. ಹಳೆ ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿದೆಯಾ ಎಂದು ಬೆರಳಾಡಿಸಿ ನೋಡಿ. ರಿಂಗಿನ ಮೇಲೆ ರಿಂಗು ಕೂತರೆ ಸೀಲ್ ಕಿತ್ತು ಕ್ಷಣಾರ್ಧದಲ್ಲಿ ಆಯಿಲ್ ಹೊರಗೆ ಹಾರುತ್ತದೆ. ಪ್ಲೇಟಿನ ಓ-ರಿಂಗ್‌ಗೆ ಆಯಿಲ್ ಸವರಿ ಕೂರಿಸಿ, ಎರಡೂ ಫಿಟ್ಟಿಂಗ್ ಯಾವುದಕ್ಕೂ ತಾಗದ ಕಡೆಗೆ ತಿರುಗಿಸಿ, ನಂತರ ನಡುವಿನ ಬೋಲ್ಟನ್ನು ತಯಾರಕರು ಕೊಟ್ಟ ಟಾರ್ಕಿಗೆ ಬಿಗಿದೆ. ಮುಂದೆ ಫಿಲ್ಟರ್ ಬಿಚ್ಚುವಾಗ ಈ ಬೋಲ್ಟೂ ಜೊತೆಗೆ ಸಡಿಲವಾಗಬಹುದು, ಪ್ರತಿ ಸಲವೂ ಅದನ್ನು ಮುಟ್ಟಿ ನೋಡಬೇಕು.

ಹೋಸ್ ಕೆಲಸ ಅವಸರದ್ದಲ್ಲ. ಕತ್ತರಿಸುವ ಜಾಗಕ್ಕೆ ಮೂರು ಸುತ್ತು ಟೇಪ್ ಬಿಗಿದು, ತೆಳ್ಳನೆಯ ಕಟಿಂಗ್ ಡಿಸ್ಕಿನಿಂದ ನೇರ ಕೊಯ್ದೆ. ಟೇಪ್ ಇಲ್ಲದಿದ್ದರೆ ಸ್ಟೀಲ್ ಎಳೆಗಳು ಪೊರಕೆಯಂತೆ ಬಿಚ್ಚಿಕೊಳ್ಳುತ್ತವೆ. ಆಮೇಲೆ ಹೋಸಿನೊಳಗಿನ ರಬ್ಬರ್ ಪುಡಿ, ಲೋಹದ ಚೂರು ಪೂರ್ತಿ ತೊಳೆದು ಗಾಳಿ ಊದಬೇಕು, ಉಳಿದದ್ದು ನೇರ ಬೇರಿಂಗ್‌ಗೆ ಹೋಗುತ್ತದೆ. ಹೋಸನ್ನು ಫಿಟ್ಟಿಂಗಿನ ಹೊರ ಅರ್ಧವಾದ ಸಾಕೆಟ್ಟಿನ ತಳದವರೆಗೆ ತಳ್ಳಿ, ಅಂಚಿನಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ. ಇನ್ನರ್ಧವನ್ನು ಆಯಿಲ್ ಹಚ್ಚಿ ತಿರುಗಿಸುವಾಗ ಆ ಗೆರೆ ಹಿಂದೆ ಸರಿಯಿತೆಂದರೆ ಹೋಸ್ ಜಾರಿದೆ, ಬಿಚ್ಚಿ ಮತ್ತೆ ಮಾಡಬೇಕು. ನನಗೆ ನಾಲ್ಕರಲ್ಲಿ ಒಂದು ಹಾಗಾಯಿತು. ಸ್ಟೀಲ್ ಹೆಣೆದ ಹೋಸ್ ತಾಗಿದ್ದನ್ನೆಲ್ಲ ಗರಗಸದಂತೆ ಉಜ್ಜಿ ಕೊಯ್ಯುತ್ತದೆ. ತಗಡು ದಾಟುವಲ್ಲೆಲ್ಲ ರಬ್ಬರ್ ಗ್ರೋಮೆಟ್ (ರಂಧ್ರದ ಅಂಚಿಗೆ ಕೂರುವ ಬಳೆ), ಉಳಿದ ಕಡೆ ರಬ್ಬರ್ ಒಳಪದರದ ಕ್ಲ್ಯಾಂಪ್ ಹಾಕಿದೆ. ಎಂಜಿನ್ ಅಲುಗಾಡುತ್ತದೆ, ಬಾಡಿ ಅಲುಗಾಡುವುದಿಲ್ಲ, ಆದ್ದರಿಂದ ಇವೆರಡರ ನಡುವೆ ಹೋಸಿಗೆ ಸ್ವಲ್ಪ ಸಡಿಲ ಬಿಡಿ.

ಕೂಲರ್ ಎಲ್ಲಿಡುವುದು? ರೇಡಿಯೇಟರ್ ಮುಂದೆ ಇಡುವುದು ಸುಲಭ, ಆದರೆ ಆಯಿಲ್ ಬಿಸಿ ಮಾಡಿದ ಗಾಳಿಯೇ ರೇಡಿಯೇಟರಿಗೆ ಸಿಗುತ್ತದೆ. ನಾನು ಬಂಪರಿನ ಮೂಲೆಯಲ್ಲಿ, ಫಾಗ್ ಲ್ಯಾಂಪ್ ತೆಗೆದ ಕಿಂಡಿಯ ಹಿಂದೆ, ಚಕ್ರದ ಲೈನರ್ (ಚಕ್ರದ ಗೂಡಿನ ಒಳಹೊದಿಕೆ) ಮುಂದೆ ಇಟ್ಟೆ. ರಬ್ಬರ್ ಬುಷ್ ಮೇಲೆ, ಹೋಸ್ ಸೇರುವ ಎರಡೂ ಬಾಯಿ ಮೇಲಕ್ಕೆ. ಬಾಯಿ ಕೆಳಗಾದರೆ ಮೇಲಿನ ಸಾಲುಗಳಲ್ಲಿ ಗಾಳಿ ಸಿಕ್ಕಿಕೊಂಡು ಅಷ್ಟು ಭಾಗ ದಂಡ.

ಇಷ್ಟೆಲ್ಲ ಮಾಡಿ ಓಡಿಸಿದರೆ 131 ಡಿಗ್ರಿ! ಇಷ್ಟು ದೊಡ್ಡ ಕೂಲರಿಗೆ ಬರೀ ಏಳು ಡಿಗ್ರಿ. ಕೂಲರಿನ ಹಿಂಬದಿಗೆ ಉಣ್ಣೆ ದಾರದ ತುಂಡುಗಳನ್ನು ಅಂಟಿಸಿ, ಲೈನರಿನಲ್ಲಿ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದೆ. ಗಂಟೆಗೆ 100 ಕಿ.ಮೀ. ವೇಗದಲ್ಲೂ ದಾರಗಳು ಜೋತುಬಿದ್ದಿದ್ದವು. ಗಾಳಿ ಕಿಂಡಿಯೊಳಗೆ ಬಂದು, ಕೂಲರಿನ ಒತ್ತಾದ ಫಿನ್‌ಗಳನ್ನು (ತೆಳು ಲೋಹದ ಪದರಗಳು) ಕಂಡು, ಸುತ್ತಲಿನ ಸಂದಿಯಿಂದ ಜಾರಿಕೊಳ್ಳುತ್ತಿತ್ತು. ಅದು ಯಾವತ್ತೂ ಸುಲಭದ ದಾರಿಯನ್ನೇ ಹಿಡಿಯುತ್ತದೆ.

ಅಲ್ಯೂಮಿನಿಯಂ ತಗಡಿನಲ್ಲಿ ಕಿಂಡಿಯಿಂದ ಕೂಲರಿನ ಅಂಚಿನವರೆಗೆ ಡಕ್ಟ್ (ಗಾಳಿಯ ಕೊಳವೆ) ಮಾಡಿ, ಸಂದಿಗಳಿಗೆಲ್ಲ ಫೋಮ್ ಪಟ್ಟಿ ಅಂಟಿಸಿದೆ. ಕಿಂಡಿ ಕೂಲರಿನಷ್ಟೇ ದೊಡ್ಡದಿರಬೇಕಿಲ್ಲ. ಕೂಲರಿನ ಮುಖದ ವಿಸ್ತೀರ್ಣ ಸುಮಾರು 450 ಚದರ ಸೆಂ.ಮೀ., ಕಿಂಡಿಗೆ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ, ಅಂದರೆ 115ರಿಂದ 150 ಸಾಕು. ಡಕ್ಟ್ ನಿಧಾನವಾಗಿ ಅಗಲವಾಗುತ್ತ ಹೋಗಬೇಕು. ಇದರಿಂದ 124ಕ್ಕೆ ಬಂತು. ಉಳಿದದ್ದು ಹೊರದಾರಿ. ಹಿಂದೆ ಲೈನರ್ ಮುಚ್ಚಿದ್ದರೆ ಗಾಳಿ ಒಳಗೇ ಕಟ್ಟಿಕೊಳ್ಳುತ್ತದೆ, ಮುಂದಿನಿಂದ ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಕೂಲರಿನ ಹಿಂದಿನ ಲೈನರ್ ಭಾಗ ಕತ್ತರಿಸಿ, ಹಿಮ್ಮುಖ ಪಟ್ಟಿಗಳ ಜಾಲರಿ ಕೂರಿಸಿದ ಮೇಲೆ ದಾರಗಳು ನೆಟ್ಟಗೆ ನಿಂತವು. ಅಷ್ಟೇ ಬಿಸಿಲಿದ್ದ ದಿನ ಅದೇ ಟ್ರ್ಯಾಕಿನಲ್ಲಿ 114. ದಿನ ಅಷ್ಟೇ ಬಿಸಿ ಇರಬೇಕು ಎಂಬುದು ಮುಖ್ಯ. ಹವೆ ಹತ್ತು ಡಿಗ್ರಿ ತಣ್ಣಗಿದ್ದರೆ ಆಯಿಲೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ, ಆ ಶ್ರೇಯ ಕೂಲರಿನದ್ದಲ್ಲ.

ಆಯಿಲ್ ತುಂಬುವಾಗ ಒಂದು ಮೋಸವಿದೆ. ಇಂಧನ ಪಂಪಿನ ಫ್ಯೂಸ್ ತೆಗೆದು, ಹತ್ತು ಹತ್ತು ಸೆಕೆಂಡು ಕ್ರ್ಯಾಂಕ್ ಮಾಡಿ, ಪ್ರೆಶರ್ ಕಂಡ ಮೇಲೆ ಸ್ಟಾರ್ಟ್ ಮಾಡಿದೆ. ಆಗ ಡಿಪ್‌ಸ್ಟಿಕ್ ಸರಿಯಾದ ಮಟ್ಟ ತೋರಿಸಿದರೂ ನಂಬಬಾರದು, ಥರ್ಮೋಸ್ಟಾಟ್ ಇನ್ನೂ ತೆರೆದಿರುವುದಿಲ್ಲ, ಕೂಲರ್ ತುಂಬಿರುವುದಿಲ್ಲ. 90 ಡಿಗ್ರಿ ದಾಟಿಸಿ, ಕೂಲರಿನ ಎರಡೂ ಹೋಸ್ ಬಿಸಿಯಾದದ್ದು ಖಚಿತವಾದ ಮೇಲೆ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಅಳೆಯಿರಿ. ಹೋಸಿನಲ್ಲೇ 400 ಮಿ.ಲೀ. ಹಿಡಿಯುತ್ತದೆ, ಕೂಲರ್ ಸೇರಿ ಸುಮಾರು ಒಂದು ಲೀಟರ್ ಹೆಚ್ಚಿಗೆ ಬೇಕಾಯಿತು.

ತೆಳ್ಳನೆಯ 0ಡಬ್ಲ್ಯೂ-20 ಆಯಿಲ್ ಬಿಟ್ಟು, ಕಾದಾಗಲೂ ಅದಕ್ಕಿಂತ ಗಟ್ಟಿಯಾಗಿರುವ 5ಡಬ್ಲ್ಯೂ-40ಕ್ಕೆ ಹೋದದ್ದು ಈ ಅಳತೆಗಳೆಲ್ಲ ಮುಗಿದ ಮೇಲೆ. ಕೂಲರ್, ಆಯಿಲ್ ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ಪ್ರೆಶರ್ ಯಾವುದರಿಂದ ಸುಧಾರಿಸಿತೆಂದು ತಿಳಿಯುತ್ತಿರಲಿಲ್ಲ.

ಕೂಲರನ್ನು ಚಕ್ರದ ಮುಂದೆ ಇಟ್ಟ ಈ ಜಾಗದ ದೊಡ್ಡ ಅಪಾಯವೆಂದರೆ ಸೋರಿಕೆ ನೇರವಾಗಿ ಮುಂದಿನ ಟೈರಿನ ಮೇಲೆ ಬೀಳುತ್ತದೆ. ಕಲ್ಲಿಗೆ ಅಡ್ಡವಾಗಿ ಕಿಂಡಿಗೆ ಜಾಲರಿ ಹಾಕಿದ್ದೇನೆ. ಮೊದಲ ಸೆಷನ್ ಐದು ಸುತ್ತಿಗೇ ಮುಗಿಸಿ, ಪ್ರತಿ ಫಿಟ್ಟಿಂಗನ್ನೂ ಬಿಳಿ ಟಿಶ್ಯೂವಿನಿಂದ ಒರೆಸಿ ನೋಡಿದೆ. ಒಂದು ಕಡೆ ಕಂದು ಕಲೆ ಕಂಡಿತು, ಕಾಲು ಸುತ್ತು ಬಿಗಿದಾಗ ನಿಂತಿತು. ಬೇರಿಂಗ್ ಹೋದ ಎಂಜಿನ್‌ನಿಂದ ಬಿಚ್ಚಿದ ಕೂಲರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಆ ಸಾಲುಗಳೊಳಗಿನ ಲೋಹದ ಪುಡಿ ಎಷ್ಟು ತೊಳೆದರೂ ಪೂರ್ತಿ ಹೊರಬರುವುದಿಲ್ಲ.