ಎದ್ದ ತಕ್ಷಣ ಮೈ ಸೆಟೆದುಕೊಳ್ಳುತ್ತಾ? ಮಯೋಟೋನಿಯಾ ಇರೋರು ದಿನ ನಿಭಾಯಿಸೋದು ಹೇಗೆ

ತುಂಬಾ ಹೊತ್ತು ಕೂತಿದ್ದು ಬಸ್ ಬಂತು ಅಂತ ದಡಕ್ಕನೆ ಎದ್ರೆ ತೊಡೆ, ಮೀನಖಂಡ ಎಲ್ಲಾ ಕೊರಡಿನ ಥರ ಸೆಟೆದು ಒಂದು ಹೆಜ್ಜೆನೂ ಇಡೋಕಾಗಲ್ಲ, ಕಷ್ಟಪಟ್ಟು ಸ್ವಲ್ಪ ದೂರ ನಡೆದ್ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಾಡಬಹುದು. ಚಿಕ್ಕಂದಿನಿಂದ ಹೀಗಿದ್ರೆ ಮಯೋಟೋನಿಯಾ ಕಂಜೆನಿಟಾ, ಅಂದ್ರೆ ಬಿಗಿಯಾದ ಸ್ನಾಯು ಬೇಗ ಸಡಿಲ ಆಗದ ಹುಟ್ಟು ಕಾಯಿಲೆ ಇರಬಹುದು, ದಯವಿಟ್ಟು ಅದನ್ನ ನಾಟಕ, ಸೋಮಾರಿತನ ಅನ್ಬೇಡಿ. 1876ರಲ್ಲಿ ಇದರ ಬಗ್ಗೆ ಬರೆದ ಡಾಕ್ಟರ್ ಜೂಲಿಯಸ್ ಥಾಮ್ಸನ್‌ಗೇ ಈ ಕಾಯಿಲೆ ಇತ್ತು, ಅವರ ಮಗ ಸೈನ್ಯಕ್ಕೆ ಸೇರೋದು ತಪ್ಪಿಸ್ಕೊಳ್ಳೋಕೆ ನಾಟಕ ಆಡ್ತಿದಾನೆ ಅಂದಿದ್ದಕ್ಕೇ ಅವರು ಮನೆತನದ ಕಥೆನೆಲ್ಲಾ ಬರೆದು ಪ್ರಕಟಿಸಿದ್ದು.

ಮನೇಲೇ ಒಂದು ಸಲ ನೋಡಿ. ಮುಷ್ಟಿ ಗಟ್ಟಿಯಾಗಿ ಬಿಗಿ ಹಿಡಿದು ಐದು ಸೆಕೆಂಡ್ ಬಿಟ್ಟು ಪಟ್ ಅಂತ ಬಿಡಿಸಿ. ಬೆರಳು ಒಂದೊಂದಾಗಿ ನಿಧಾನಕ್ಕೆ ಬಿಚ್ಚಿಕೊಳ್ತಾ ಇದ್ರೆ, ಮತ್ತೆ ಮತ್ತೆ ಮಾಡ್ದಾಗ ಸಲೀಸಾದ್ರೆ, ನ್ಯೂರಾಲಜಿಸ್ಟ್ ಹತ್ರ ಹೋಗಿ. ಮಾಡ್ತಾ ಮಾಡ್ತಾ ಇನ್ನೂ ಬಿಗಿಯಾದ್ರೆ ಅದು ಬೇರೆ ಥರದ ಮಯೋಟೋನಿಯಾ ಇರಬಹುದು, ಅದನ್ನೂ ಡಾಕ್ಟರಿಗೆ ಹೇಳಿ. ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡೋ ಪರೀಕ್ಷೆ), ಜೆನೆಟಿಕ್ ಟೆಸ್ಟ್ ಮಾಡಿಸ್ತಾರೆ, ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಸ್ನಾಯು ಕಾಯಿಲೆ ನೋಡೋರಿದ್ದಾರೆ. ಸ್ನಾಯು ಸವೆದು ಬಲ ಕಳೆದುಕೊಳ್ಳೋ ಮಯೋಟೋನಿಕ್ ಡಿಸ್ಟ್ರೋಫಿ ಅಲ್ಲ ಅಂತ ಖಚಿತ ಮಾಡ್ಕೊಳ್ಳೋದು ಬಹಳ ಮುಖ್ಯ, ಯಾಕಂದ್ರೆ ಅದು ಹಾರ್ಟ್, ಕಣ್ಣು ಎರಡಕ್ಕೂ ಬರುತ್ತೆ.

ಕಾರಣ ಏನಪ್ಪಾ ಅಂದ್ರೆ, ಬಿಗಿಯಾದ ಸ್ನಾಯು ಸಡಿಲ ಆಗೋಕೆ ಕ್ಲೋರೈಡ್ ಚಾನೆಲ್ (ಸ್ನಾಯು ಕೋಶದ ಗೋಡೇಲಿ ಕ್ಲೋರೈಡ್ ಹಾದುಹೋಗೋ ದಾರಿ) ಬೇಕು, ಸಿಎಲ್‌ಸಿಎನ್1 ಜೀನ್ ಕೆಟ್ರೆ ಆ ಚಾನೆಲ್ ಸರಿಯಾಗಿ ಕೆಲಸ ಮಾಡಲ್ಲ. ಇದು ಗೊತ್ತಾಗಿದ್ದರಲ್ಲಿ ಅಮೆರಿಕದ ಟೆನೆಸಿಯ ಆಡುಗಳ ಪಾಲು ದೊಡ್ಡದು, ಅವುಗಳಿಗೂ ಇದೇ ಜೀನ್‌ನಲ್ಲಿ ತೊಂದ್ರೆ. ಬೆಚ್ಚಿಬಿದ್ರೆ ಕಾಲು ಸೆಟೆದು ಉರುಳಿ ಬೀಳ್ತವೆ, ಆದ್ರೆ ಮೂರ್ಛೆ ಹೋಗಿರಲ್ಲ, ಪ್ರಜ್ಞೆ ಪೂರ್ತಿ ಇರುತ್ತೆ. ವಿಡಿಯೋಗೋಸ್ಕರ ಅವನ್ನ ಬೇಕಂತ ಬೆಚ್ಚಿಬೀಳಿಸೋದು ನನಗಂತೂ ಸಹಿಸೋಕಾಗಲ್ಲ. ಸಾಕೋರು ನಾಯಿ ನುಗ್ಗದ ಹಾಗೆ ಗಟ್ಟಿ ಬೇಲಿ ಹಾಕ್ಬೇಕು, ಓಡಿ ತಪ್ಪಿಸ್ಕೊಳ್ಳೋಕೆ ಅವಕ್ಕಾಗಲ್ಲ.

ದಿನದ ವಿಷಯಕ್ಕೆ ಬಂದ್ರೆ ಮುಖ್ಯವಾದದ್ದು ಇಷ್ಟೇ, ಏಳೋ ಮುಂಚೆ ಕೂತಲ್ಲೇ ಪಾದ, ಮಂಡಿ ಮೆಲ್ಲಗೆ ಆಡಿಸಿ, ಏನಾದ್ರೂ ಹಿಡ್ಕೊಂಡು ಏಳಿ, ಮೊದಲ ಹೆಜ್ಜೆಗಳು ಸಣ್ಣದಾಗಿರಲಿ. ಮೆಟ್ಟಿಲು ಹತ್ತೋ ಮುಂಚೆ ಅಲ್ಲೇ ನಾಲ್ಕು ಹೆಜ್ಜೆ ಓಡಾಡಿ. ತುಂಬಾ ಜನಕ್ಕೆ ಚಳೀಲಿ ಜಾಸ್ತಿಯಾಗುತ್ತೆ, ಬೆಚ್ಚಗಿರಿ. ರಸ್ತೆ ದಾಟುವಾಗ ಹಾರ್ನ್ ಕೇಳಿ ಬೆಚ್ಚಿದ್ರೆ ಅಲ್ಲೇ ಬೀಳೋ ಅಪಾಯ ಇದೆ, ಜೊತೇಲಿರೋರು ಕೈ ಹಿಡಿದು ಎಳೀಬೇಡಿ, ಬರೀ ಆಸರೆ ಕೊಡಿ.

ತೊಂದ್ರೆ ಜಾಸ್ತಿ ಇದ್ರೆ ಬಿಗಿತ ಕಡಿಮೆ ಮಾಡೋಕೆ ಮೆಕ್ಸಿಲೆಟೀನ್ ಅನ್ನೋ ಮಾತ್ರೆ ಕೊಡ್ತಾರೆ, ಆದ್ರೆ ಇಸಿಜಿ ನೋಡದೆ ಶುರು ಮಾಡೋ ಮಾತ್ರೆ ಅಲ್ಲ ಅದು, ಮೆಡಿಕಲ್ ಶಾಪಿಂದ ನೀವೇ ತಂದು ನುಂಗಬೇಡಿ.

ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದ್ವೆ ಮಾಡೋ ಮನೆಗಳು ಇದನ್ನ ಗಮನಿಸಿ. ಈ ಕಾಯಿಲೇಲಿ ಬೆಕರ್, ಥಾಮ್ಸನ್ ಅಂತ ಎರಡು ವಿಧ. ಬೆಕರ್ ವಿಧದಲ್ಲಿ ಅಪ್ಪ ಅಮ್ಮ ಇಬ್ರೂ ಚೆನ್ನಾಗೇ ಇರ್ತಾರೆ, ಆದ್ರೆ ಇಬ್ರಲ್ಲೂ ಕೆಟ್ಟ ಜೀನ್‌ನ ಒಂದೊಂದು ಪ್ರತಿ ಇದ್ರೆ ಪ್ರತಿ ಮಗುಗೂ 25% ಸಾಧ್ಯತೆ. ಥಾಮ್ಸನ್ ವಿಧದಲ್ಲಿ ಅಪ್ಪ ಅಮ್ಮರಲ್ಲಿ ಒಬ್ಬರಿಗಿದ್ರೂ ಸಾಕು, ಪ್ರತಿ ಮಗುಗೂ 50%.

ಇನ್ನೊಂದು, ಯಾವ ಆಪರೇಷನ್ ಆದ್ರೂ, ಹಲ್ಲಿನ ಸಣ್ಣ ಸರ್ಜರಿಯಾದ್ರೂ, ಕಾಯಿಲೆ ಹೆಸರು ಮೊದಲೇ ಹೇಳಿ. ಅರಿವಳಿಕೆ ಕೊಡುವಾಗ ಸ್ನಾಯು ಸಡಿಲಿಸೋಕೆ ಬಳಸೋ ಸಕ್ಸಿನೈಲ್‌ಕೋಲಿನ್ ಕೊಟ್ರೆ ದವಡೆ, ಎದೆ ಸ್ನಾಯು ಸೆಟೆದು ಉಸಿರಾಟದ ಟ್ಯೂಬ್ ಹಾಕೋದೇ ಕಷ್ಟ ಆಗಬಹುದು. ಒಂದು ಚೀಟೀಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ಪರ್ಸಲ್ಲಿ ಆಧಾರ್ ಕಾರ್ಡ್ ಹಿಂದೇನೇ ಇಡಿ, ಮಕ್ಕಳಿಗಾದ್ರೆ ಸ್ಕೂಲ್ ಪಿಟಿ ಮೇಷ್ಟ್ರಿಗೂ ಒಂದು ಕಾಪಿ ಕೊಡಿ.