ಬೀಳದ ತಲೆಯ ಚಿತ್ರ ಬರೆದ ಅನುಭವ

ಕೊಪ್ಪಳದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕನಾಗಿರುವ ನಾನು, ಇತಿಹಾಸದ ಪಾಠಕ್ಕೆ ನೆರವಾಗಲೆಂದು ಮೊಗಲ್ ಆಸ್ಥಾನದ ಚಿತ್ರವೊಂದನ್ನು ನಕಲು ಮಾಡಲು ಹೊರಟೆ. ಅಬುಲ್ ಹಸನ್ ಸುಮಾರು 1616ರಲ್ಲಿ ಬರೆದ, ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿರುವ ಆ ಚಿತ್ರದಲ್ಲಿ, ಭೂಗೋಳದ ಮೇಲೆ ನಿಂತ ಜಹಾಂಗೀರನು ಭರ್ಜಿಗೆ ಸಿಕ್ಕಿಸಿದ ಮಲಿಕ್ ಅಂಬರನ ತಲೆಗೆ ಬಾಣ ಗುರಿಯಿಟ್ಟಿದ್ದಾನೆ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದ್‌ನಗರದ ನಿಜಾಮಶಾಹಿಯ ಆಡಳಿತವನ್ನೇ ಕೈಗೆ ತೆಗೆದುಕೊಂಡ ಅಂಬರನ ತಲೆಯನ್ನು ಯಾರೂ ಕಡಿಯಲಿಲ್ಲ. 1620ರಲ್ಲಿಯೂ ಮೊಗಲರ ಮೇಲೆ ತಿರುಗಿಬಿದ್ದ ಅವನು 1626ರಲ್ಲಿ ಮುಪ್ಪಿನಿಂದ ಸತ್ತನು.

ಹಲಗೆಗೆ ಅಂಟಿಸಿದ ದೊಡ್ಡ ಹಾಳೆಗೆ ಚೌಕಳಿ ಹಾಕಿ ಕೆಳಗಿನಿಂದ ಆರಂಭಿಸಿದೆ. ಮೀನಿನ ಮೇಲೆ ಎತ್ತು, ಎತ್ತಿನ ಮೇಲೆ ಭೂಗೋಳ: ಅದು ಪರ್ಷಿಯನ್ ಪರಂಪರೆಯ ವಿಶ್ವಕಲ್ಪನೆ. ಎತ್ತು ನಮ್ಮ ಸೀಮೆಯ ಕೈಗೆ ಹೊಸದಲ್ಲವಾದ್ದರಿಂದ ಅದು ಬೇಗ ಮುಗಿಯಿತು. ತೊಡಕಾದದ್ದು ಮೇಲ್ಭಾಗ. ಬಿಲ್ಲಿಗೂ ತಲೆಗೂ ನಡುವಿನ ಚೌಕಗಳನ್ನು ಎಣಿಸಿದರೆ ಅಂತರ ತೀರಾ ಕಡಿಮೆ. ಅಷ್ಟು ಹತ್ತಿರದಿಂದ, ಅದೂ ಆಗಲೇ ಕಡಿದ ತಲೆಗೆ, ಯಾವ ಬಿಲ್ಲುಗಾರನೂ ಬಾಣ ಬಿಡುವುದಿಲ್ಲ. ಗುರುತು ತಪ್ಪಿರಬೇಕೆಂದು ಎರಡು ಸಲ ಅಳಿಸಿ ಬರೆದೆ. ಕಿನ್ನಾಳದ ಹಿರಿಯ ಚಿತ್ರಗಾರರೊಬ್ಬರಿಗೆ ತೋರಿಸಿದಾಗ ಅವರು, "ಮಾಸ್ತರ, ಇದು ಬ್ಯಾಟಿ ಅಲ್ರೀ, ಮಾಟ" ಎಂದರು. ರಣರಂಗದಲ್ಲಿ ಕೈಗೆ ಸಿಗದ ವೈರಿಯನ್ನು ಗೊಂಬೆ ಮಾಡಿ ಚುಚ್ಚುವ ಕೆಲಸವೆಂದು ನೋಡಿದ ಮೇಲೆ, ತಲೆಯ ಮೇಲೆ ಕುಳಿತ ಗೂಬೆಯೂ ಆ ಹತ್ತಿರದ ಗುರಿಯೂ ನನಗೆ ಅರ್ಥವಾದವು.

ಬಾದಶಹನ ಮುಖಕ್ಕೆ ಅತಿ ಸಣ್ಣ ಕುಂಚದಲ್ಲಿ ನಾಲ್ಕು ದಿನ ಹಿಡಿಯಿತು. ಮುಖದಲ್ಲಿ, ಉಡುಪಿನಲ್ಲಿ ಅಷ್ಟೊಂದು ನಿಜವನ್ನು ತುಂಬಿದ್ದರಿಂದಲೇ ನಡೆಯದ ಸಂಗತಿಯೂ ನಡೆದಂತೆ ಕಾಣುತ್ತದೆ. ಅಬುಲ್ ಹಸನನ ಜಾಣತನ ಇರುವುದು ಅಲ್ಲಿಯೇ.

ಆದರೂ ನನ್ನ ನಕಲು ಕೆಟ್ಟಿತು. ಗೋಡೆಗೆ ತೂಗುಹಾಕಿದೊಡನೆ, ಮೇಲಿನಿಂದ ಆಯುಧ ನೀಡುವ ರೆಕ್ಕೆಯ ಮಕ್ಕಳನ್ನು ಕಂಡು ತರಗತಿಯೇ ನಕ್ಕಿತು. ಮೂಲವು ಪುಸ್ತಕದ ಪುಟದಷ್ಟೇ ಇದ್ದು, ದೊರೆಯೂ ಅವನ ಹತ್ತಿರದವರೂ ಕೈಯಲ್ಲಿ ಹಿಡಿದು ನೋಡುವಂಥದ್ದು. ಮುಗಿಯದ ಯುದ್ಧದ ನಡುವೆ ಧೈರ್ಯ ಬೇಕಾಗಿದ್ದದ್ದು ಊರಮಂದಿಗಿಂತ ಹೆಚ್ಚಾಗಿ ಅವರಿಗೇ. ಆದ್ದರಿಂದ ಅದೇ ಅಳತೆಯಲ್ಲಿ ಮತ್ತೊಮ್ಮೆ ಬರೆದು ಮೇಜಿನ ಮೇಲಿಟ್ಟೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು, ನಗಲಿಲ್ಲ. ಒಬ್ಬಳು ಮಾತ್ರ, "ಸರ್, ಇದನ್ನ ಅಂಬರ್ ನೋಡಿದ್ದನೇನ್ರಿ?" ಎಂದು ಕೇಳಿದಳು.